ಸರದಿ ಮುಂದೂಡಿ ಎಂದ ಜಿಂಕೆ

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



"ಮಕ್ಕಳಿಗೆ ತೋರಿಸಬೇಕಾದ ಒಂದು ಸಿನಿಮಾ" ಎಂಬ ವಿಷಯವನ್ನು ಈ ತಿಂಗಳು ನನಗೆ ಕೊಟ್ಟಿದ್ದೀರಿ. ಹೆಸರು ಕೇಳಿದ ಕೂಡಲೇ ತಲೆಯಾಡಿಸುವಂಥ ಚಿತ್ರವೊಂದನ್ನು ಆರಿಸಬಹುದಿತ್ತು. ನಾನು ಆರಿಸಿಕೊಂಡಿರುವುದು ಈ ಸಭೆಯಲ್ಲಿ ಒಬ್ಬಿಬ್ಬರಾದರೂ ನೋಡಿದ್ದಾರೋ ಇಲ್ಲವೋ ಎನ್ನುವಂಥ ಒಂದು ಪುಟ್ಟ ಕಾರ್ಟೂನು ಚಿತ್ರ. ಹೆಸರು "ದ ಬ್ಯಾನ್ಯನ್ ಡೀರ್". ಕನ್ನಡದಲ್ಲಿ ಹೇಳುವುದಾದರೆ ಆಲದ ಜಿಂಕೆ. ಬಂದದ್ದು 1957ರಲ್ಲಿ. ತಯಾರಾದದ್ದು ಎಲ್ಲೋ ದೂರದ ಊರಿನಲ್ಲಲ್ಲ, ನಮ್ಮ ಈ ಮುಂಬಯಿಯಲ್ಲೇ, ಕೇಂದ್ರ ಸರಕಾರದ ಫಿಲ್ಮ್ಸ್ ಡಿವಿಷನ್‌ನಲ್ಲಿ.

ಫಿಲ್ಮ್ಸ್ ಡಿವಿಷನ್ ಎಂದರೆ ನಮ್ಮ ವಯಸ್ಸಿನವರಿಗೆ ತಕ್ಷಣ ನೆನಪಾಗುವುದು ಟಾಕೀಸಿನಲ್ಲಿ ಮುಖ್ಯ ಸಿನಿಮಾಕ್ಕೆ ಮೊದಲು ಬರುತ್ತಿದ್ದ ನ್ಯೂಸ್ ರೀಲು. ನೆರೆ, ಅಣೆಕಟ್ಟು, ಮಂತ್ರಿಗಳ ಉದ್ಘಾಟನೆ, ಹಿನ್ನೆಲೆಯಲ್ಲಿ ಗಂಭೀರವಾದ ಒಂದು ದನಿ. "ಇನ್ನೂ ಶುರುವಾಗಿಲ್ಲ, ನ್ಯೂಸ್ ರೀಲೇ ಓಡ್ತಾ ಇದೆ" ಎಂದು ಹೊರಗೆ ನಿಂತು ಕಡಲೆಕಾಯಿ ತಿನ್ನುತ್ತಿದ್ದವರೂ ನಮ್ಮಲ್ಲಿದ್ದಾರೆ. ಸಂಸ್ಥೆ ಶುರುವಾದದ್ದು 1948ರಲ್ಲಿ. ಅದರ ಆವರಣ ಪೆಡ್ಡರ್ ರೋಡಿನಲ್ಲಿದೆ. 2019ರಲ್ಲಿ ಅಲ್ಲೇ ಗುಲ್ಶನ್ ಮಹಲ್ ಎಂಬ ಹಳೆಯ ಬಂಗಲೆಯನ್ನೂ ಸೇರಿಸಿಕೊಂಡು ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು. ಊರಿನಿಂದ ಬಂದ ನೆಂಟರನ್ನು ಗೇಟ್‌ವೇ, ಮಹಾಲಕ್ಷ್ಮಿ, ಸಿದ್ಧಿವಿನಾಯಕ ಅಂತ ತಿರುಗಿಸುತ್ತೇವಲ್ಲ, ಒಂದು ಸಲ ಇಲ್ಲಿಗೂ ಕರೆದುಕೊಂಡು ಹೋಗಿ. ಮಹಾಲಕ್ಷ್ಮಿಯಿಂದ ದೂರವೇನಿಲ್ಲ.

ಇಂಥ ಸರಕಾರಿ ಕಚೇರಿಯಲ್ಲಿ ಕಾರ್ಟೂನು ಹೇಗೆ ಹುಟ್ಟಿತು ಎನ್ನುವುದೇ ಒಂದು ಸ್ವಾರಸ್ಯ. 1956ರ ಹೊತ್ತಿಗೆ ಫಿಲ್ಮ್ಸ್ ಡಿವಿಷನ್ ತನ್ನದೇ ಕಾರ್ಟೂನು ಘಟಕ ಕಟ್ಟಲು ಹೊರಟಿತು. ಹುಡುಗರಿಗೆ ಚಿತ್ರ ಬರೆಯಲು ಬರುತ್ತಿತ್ತು. ಅದನ್ನು ನಡೆಸುವುದು, ಓಡಿಸುವುದು ಗೊತ್ತಿರಲಿಲ್ಲ. ಕಲಿಸಲು ಅಮೆರಿಕದ ತಾಂತ್ರಿಕ ನೆರವಿನಲ್ಲಿ ಒಬ್ಬರು ಬಂದರು, ಕ್ಲೇರ್ ವೀಕ್ಸ್ ಎಂದು ಹೆಸರು. ಡಿಸ್ನಿ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ದುಡಿದ ಕಲಾವಿದ. ಆದರೆ ನಮ್ಮ ದೇಶಕ್ಕೆ ಹೊಸಬರಲ್ಲ: ಮಿಷನರಿ ತಂದೆತಾಯಿಗೆ ಭಾರತದಲ್ಲೇ ಹುಟ್ಟಿದವರು. ಅವರ ಕೈಕೆಳಗೆ ಕಲಿತವರಲ್ಲಿ ಜಿ. ಕೆ. ಗೋಖಲೆ ಇದ್ದರು, ರಾಮ್ ಮೋಹನ್ ಇದ್ದರು. ಕಲಿಯುತ್ತಲೇ ಅವರೆಲ್ಲ ಸೇರಿ ಮಾಡಿದ ಚಿತ್ರ ಈ ಆಲದ ಜಿಂಕೆ.

ಕೆಲಸ ಎಷ್ಟು ಎಂದು ಒಂದು ಲೆಕ್ಕ ಹೇಳುತ್ತೇನೆ. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಒಂದು ನಿಮಿಷಕ್ಕೆ 1,440. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೂ ನಿಮಿಷಕ್ಕೆ 720 ಚಿತ್ರ ಬೇಕು. ಕಂಪ್ಯೂಟರು ಇಲ್ಲದ ಕಾಲ. ಪಾರದರ್ಶಕ ಹಾಳೆಯ ಮೇಲೆ ಗೆರೆ ಎಳೆದು, ಹಿಂಬದಿಯಿಂದ ಬಣ್ಣ ತುಂಬಿ, ಒಂದೊಂದನ್ನೇ ಕ್ಯಾಮರಾದ ಕೆಳಗಿಟ್ಟು ತೆಗೆಯಬೇಕು. ಅದರಲ್ಲೂ ನಾಲ್ಕು ಕಾಲಿನ ಪ್ರಾಣಿ ನಡೆಸುವುದು ಬಲು ಕಷ್ಟ. ಯಾವ ಕಾಲು ಯಾವಾಗ ಎತ್ತುತ್ತದೆ ಎನ್ನುವುದು ನಮಗೆ ದಿನಾ ಹಸು ನೋಡಿದವರಿಗೂ ಗೊತ್ತಿರುವುದಿಲ್ಲ. "ಬ್ಯಾಂಬಿ" ಮಾಡುವಾಗ ಡಿಸ್ನಿಯವರು ಜೀವಂತ ಜಿಂಕೆಮರಿಗಳನ್ನೇ ಸ್ಟುಡಿಯೋಕ್ಕೆ ತರಿಸಿ ಅವುಗಳ ನಡಿಗೆ ನೋಡಿ ಬರೆದಿದ್ದರು. ಮಧ್ಯೆ ಒಂದು ಮಾತು: ಆ ಕಾಲದ ಡಿಸ್ನಿಯಲ್ಲಿ ಚಿತ್ರ ನಡೆಸುವವರು ಹೆಚ್ಚಾಗಿ ಗಂಡಸರು, ಗೆರೆ ತಿದ್ದಿ ಬಣ್ಣ ತುಂಬುವವರು ಹೆಚ್ಚಾಗಿ ಹೆಂಗಸರು. ರಂಗೋಲಿಯ ಚುಕ್ಕಿ ಇಡುವವರು ನಾವೇ, ಬಹುಮಾನ ವಿತರಣೆಗೆ ಮಾತ್ರ ಅತಿಥಿ ಮಹನೀಯರು. ಇರಲಿ.

ಈಗ ಕಥೆ. ಇದು ಬೌದ್ಧರ ಜಾತಕ ಕಥೆಗಳಲ್ಲಿ ಹನ್ನೆರಡನೆಯದು, ನಿಗ್ರೋಧಮಿಗ ಜಾತಕ. ನಿಗ್ರೋಧ ಎಂದರೆ ಆಲ. ಚಿತ್ರಕ್ಕೆ ಆಧಾರ ಇದೇ. ಸಿನಿಮಾದಲ್ಲಿ ಕೆಲವೇ ನಿಮಿಷದಲ್ಲಿ ಓಡಿಹೋಗುವ ಕಥೆಯನ್ನು ಜಾತಕದಲ್ಲಿರುವಂತೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮಾತೆಲ್ಲ ಅದರ ವಿವರದಲ್ಲೇ ಇದೆ.

ಕಾಶಿಯ ರಾಜನಿಗೆ ದಿನವೂ ಬೇಟೆ ಬೇಕು, ಮಾಂಸ ಬೇಕು. ಅವನ ಜೊತೆ ಕಾಡಿಗೆ ಹೋಗಿ ಹೋಗಿ ಜನರ ಕೆಲಸಬೊಗಸೆ ಹಾಳಾಯಿತು. ಅವರು ಒಂದು ಉಪಾಯ ಮಾಡಿದರು. ರಾಜೋದ್ಯಾನದಲ್ಲಿ ಹುಲ್ಲು ಬೆಳೆಸಿ, ನೀರು ಕಟ್ಟಿ, ಕಾಡಿನ ಜಿಂಕೆಗಳನ್ನೆಲ್ಲ ದೊಣ್ಣೆ ಹಿಡಿದು ಅಟ್ಟಿಕೊಂಡು ಬಂದು ಒಳಗೆ ಹಾಕಿ ಬಾಗಿಲು ಮುಚ್ಚಿದರು. ಅದರಲ್ಲಿ ಎರಡು ಹಿಂಡು. ಒಂದಕ್ಕೆ ಆಲದ ಜಿಂಕೆ ಒಡೆಯ, ಇನ್ನೊಂದಕ್ಕೆ ಕೊಂಬೆಯ ಜಿಂಕೆ. ಎರಡೂ ಹೊನ್ನಿನ ಬಣ್ಣದವು. ಇವೆರಡನ್ನು ಕೊಲ್ಲಬಾರದು ಎಂದು ರಾಜ ಅಭಯ ಕೊಟ್ಟ. ಉಳಿದವಕ್ಕೆ ದಿನಾ ಬಾಣ. ಒಂದಕ್ಕೆ ಬಿಟ್ಟ ಬಾಣಕ್ಕೆ ಹತ್ತು ಹೆದರಿ ಓಡಿ ಗಾಯ ಮಾಡಿಕೊಳ್ಳುತ್ತಿದ್ದವು. ಆಗ ಆಲದ ಜಿಂಕೆಯೇ ಒಂದು ವ್ಯವಸ್ಥೆ ಮಾಡಿತು: ಸಾಯುವುದು ತಪ್ಪದು, ಸುಮ್ಮನೆ ಗಾಯವಾಗುವುದಾದರೂ ತಪ್ಪಲಿ. ದಿನಕ್ಕೊಂದು, ಒಂದು ದಿನ ನಿನ್ನ ಹಿಂಡಿನಿಂದ, ಮರುದಿನ ನನ್ನ ಹಿಂಡಿನಿಂದ. ಯಾರ ಸರದಿ ಬಂತೋ ಆ ಜಿಂಕೆ ತಾನಾಗಿ ಹೋಗಿ ಕಟುಕನ ಕೊರಡಿನ ಮೇಲೆ ತಲೆಯಿಡಬೇಕು.

ಒಂದು ದಿನ ಕೊಂಬೆಯ ಹಿಂಡಿನ ಒಂದು ಬಸುರಿ ಜಿಂಕೆಯ ಸರದಿ ಬಂತು. ಅದು ತನ್ನ ಒಡೆಯನ ಹತ್ತಿರ ಹೋಗಿ ಕೇಳಿದ ಮಾತು ನೋಡಿ. ನನ್ನನ್ನು ಉಳಿಸಿ ಎನ್ನಲಿಲ್ಲ. ಈಗ ಬಸುರಿ ಇದ್ದೇನೆ, ಹೆತ್ತ ಮೇಲೆ ನಾವಿಬ್ಬರಾಗುತ್ತೇವೆ, ಆಗ ಇಬ್ಬರೂ ನಮ್ಮ ನಮ್ಮ ಸರದಿಗೆ ಹೋಗುತ್ತೇವೆ, ಈ ಸಲ ನನ್ನ ಸರದಿ ದಾಟಿಸಿ ಎಂದಿತು. ಲೆಕ್ಕದ ಮಾತು. ರಾಜನಿಗೂ ನಷ್ಟವಿಲ್ಲ, ಹಿಂಡಿಗೂ ನಷ್ಟವಿಲ್ಲ. ಅದಕ್ಕೆ ಬೇಕಾದದ್ದು ಸಮಯ ಮಾತ್ರ.

ಕೊಂಬೆಯ ಜಿಂಕೆ ಒಪ್ಪಲಿಲ್ಲ. ನಿನ್ನ ಸರದಿ ಇನ್ನೊಬ್ಬರ ತಲೆಗೆ ಕಟ್ಟಲು ಬರುವುದಿಲ್ಲ, ನಿನಗೆ ಬಂದದ್ದು ನೀನೇ ನೋಡಿಕೋ ಎಂದು ಕಳಿಸಿತು. ಬಸುರಿ ಜಿಂಕೆ ತನ್ನದಲ್ಲದ ಹಿಂಡಿನ ಒಡೆಯನ ಹತ್ತಿರ ಹೋಯಿತು. ಆಲದ ಜಿಂಕೆ, ನೀನು ಹೋಗು, ನಿನ್ನ ಸರದಿ ನಾನು ನೋಡಿಕೊಳ್ಳುತ್ತೇನೆ ಎಂದಿತು. ಮರುದಿನ ಅಡುಗೆಯವನು ಬಂದು ನೋಡಿದರೆ ಕೊರಡಿನ ಮೇಲೆ ತಲೆಯಿಟ್ಟು ಮಲಗಿರುವುದು ಅಭಯ ಪಡೆದ ಹೊನ್ನಿನ ಜಿಂಕೆ. ಅವನು ಓಡಿಹೋಗಿ ರಾಜನಿಗೆ ಹೇಳಿದ, ರಾಜ ರಥ ಹತ್ತಿ ಬಂದ. ವಿಷಯ ಕೇಳಿ ಇಬ್ಬರಿಗೂ ಅಭಯ ಕೊಟ್ಟ. ಆಲದ ಜಿಂಕೆ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಉಳಿದ ಜಿಂಕೆಗಳ ಗತಿ? ಕಾಡಿನ ಇತರ ಪ್ರಾಣಿಗಳ ಗತಿ? ಹಕ್ಕಿಗಳು? ಮೀನುಗಳು? ಒಂದೊಂದನ್ನೇ ಕೇಳಿ ಕೇಳಿ ಎಲ್ಲಕ್ಕೂ ಅಭಯ ಪಡೆದೇ ತಲೆಯೆತ್ತಿತು. ತರಕಾರಿ ಮಾರ್ಕೆಟಿನಲ್ಲಿ ಚೌಕಾಸಿ ಮಾಡುವ ನಮಗೆ ಈ ಭಾಗ ಬಹಳ ಹಿಡಿಸುತ್ತದೆ.

ಈ ಕಥೆಯನ್ನು ತ್ಯಾಗದ ಕಥೆ ಎಂದು ಹೇಳಿ ಮುಗಿಸುವುದು ವಾಡಿಕೆ. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಕೊಂಬೆಯ ಜಿಂಕೆಯನ್ನು ಖಳನಾಯಕ ಎಂದು ಬದಿಗೆ ಸರಿಸುವುದು ಸುಲಭ. ಅದು ಹೇಳಿದ್ದರಲ್ಲಿ ಸುಳ್ಳೇನಿದೆ? ಒಬ್ಬಳ ಸರದಿ ದಾಟಿಸಿದರೆ ಆ ದಿನ ಇನ್ನೊಬ್ಬರು ಸಾಯಲೇಬೇಕು. ಆ ಇನ್ನೊಬ್ಬರಿಗೂ ಮರಿ ಇರಬಹುದು. ನಿಯಮ ಎಲ್ಲರಿಗೂ ಒಂದೇ ಎನ್ನುವುದು ನ್ಯಾಯದ ಮಾತೇ. ಆದರೆ ಆ ಇನ್ನೊಬ್ಬರು ತಾನೇ ಆಗಬಹುದು ಎನ್ನುವುದು ಅದಕ್ಕೆ ಹೊಳೆಯಲಿಲ್ಲ. ಆಲದ ಜಿಂಕೆಗೆ ಹೊಳೆಯಿತು. ಸರದಿಯ ನಿಯಮ ಮಾಡಿದ್ದು ಅದೇ ತಾನೇ? ತಾನು ಮಾಡಿದ ನಿಯಮಕ್ಕೆ ಒಂದು ವಿನಾಯಿತಿ ಬೇಕಾದಾಗ ಅದರ ಬೆಲೆಯನ್ನು ಕೆಳಗಿನವರ ಮೇಲೆ ಹಾಕದೆ ತಾನೇ ಕೊಟ್ಟಿತು. ಅಭಯ ಇದ್ದದ್ದು ಇಬ್ಬರಿಗೂ. ಒಬ್ಬ ಅದನ್ನು ಇಟ್ಟುಕೊಂಡ, ಒಬ್ಬ ಬಿಟ್ಟುಕೊಟ್ಟ.

ನನ್ನ ಮಗಳ ವಿಷಯ ಹೇಳಬಹುದೋ ಬೇಡವೋ ಎಂದು ಯೋಚಿಸಿ ಅವಳನ್ನೇ ಕೇಳಿದೆ, "ಹೇಳಮ್ಮಾ, ಕಂಪನಿ ಹೆಸರು ಮಾತ್ರ ಬೇಡ" ಎಂದಳು. ಅವಳಿಗೆ ಏಳು ತಿಂಗಳಾಗಿದ್ದಾಗ ರಾತ್ರಿ ಪಾಳಿ ಬಂತು. ಎರಡು ತಿಂಗಳು ಹಗಲು ಕೊಡಿ, ಬಾಣಂತನ ಮುಗಿಸಿ ಬಂದ ಮೇಲೆ ಬಾಕಿ ಪಾಳಿ ಮಾಡಿಕೊಡುತ್ತೇನೆ ಎಂದು ಕೇಳಿದಳು. ಅವಳ ಮೇಲಿನವರು ಕೆಟ್ಟವರಲ್ಲ, ಮೆತ್ತಗೆ ಹೇಳಿದರಂತೆ: "ನಿನ್ನ ಪಾಳಿ ತೆಗೆದು ಯಾರಿಗೆ ಕೊಡಲಿ? ಉಳಿದವರಿಗೆ ಅನ್ಯಾಯವಾಗುವುದಿಲ್ಲವೇ?" ನನಗೆ ಕೊಂಬೆಯ ಜಿಂಕೆಯೇ ಫೋನಿನಲ್ಲಿ ಮಾತಾಡಿದ ಹಾಗಾಯಿತು. ಕೊನೆಗೆ ಆ ಪಾಳಿ ಹೋದದ್ದು ಅದೇ ವರ್ಷ ಕೆಲಸಕ್ಕೆ ಸೇರಿದ, ಇಲ್ಲ ಎನ್ನಲು ಬಾಯಿ ಬಾರದ ಒಬ್ಬ ಹುಡುಗಿಗೆ. ಆ ಹುಡುಗಿ ಕಲ್ಯಾಣ್‌ನಿಂದ ಓಡಾಡುವವಳು. ಮಗಳಿಗೆ ಹಗಲು ಸಿಕ್ಕಿತು, ಮನಸ್ಸಿಗೆ ಹಗಲು ಸಿಗಲಿಲ್ಲ. ವಾರಕ್ಕೆ ಒಂದು ರಾತ್ರಿ ಆ ಮೇಲಿನವರೇ ಕೂತಿದ್ದರೆ?

1961ರಲ್ಲಿ ನಮ್ಮಲ್ಲಿ ಹೆರಿಗೆ ಸೌಲಭ್ಯದ ಕಾನೂನು ಬಂತು, 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ ರಜೆ 26 ವಾರವಾಯಿತು. ಬಹಳ ದೊಡ್ಡ ವಿಷಯ, ಅಲ್ಲಗಳೆಯುವುದಿಲ್ಲ. ಆದರೆ ಕಾನೂನು ಸರದಿ ದಾಟಿಸುತ್ತದೆ. ದಾಟಿದ ಸರದಿ ಯಾರ ತಲೆಗೆ ಬಂತು ಎಂದು ವಿಚಾರಿಸುವುದು ಹತ್ತಿರದವರ ಕೆಲಸ. ಮನೆಯಲ್ಲೂ ಹಾಗೇ. ಸೊಸೆಗೆ ವಿಶ್ರಾಂತಿ ಎಂದರೆ ಅತ್ತೆಗೆ ಅಡುಗೆ, ಅತ್ತೆಗೆ ಮೊಣಕಾಲು ನೋವು ಎಂದರೆ ದೊಡ್ಡ ಮೊಮ್ಮಗಳಿಗೆ ಪಾತ್ರೆ. ಸರದಿ ಹೆಣ್ಣಿನಿಂದ ಹೆಣ್ಣಿಗೇ ದಾಟುತ್ತಿರುತ್ತದೆ, ಸೋಫಾದ ಮೇಲಿನ ಹೊನ್ನಿನ ಜಿಂಕೆಯ ಅಭಯಕ್ಕೆ ಭಂಗವಿಲ್ಲ. (ನಗಬೇಡಿ, ನಮ್ಮ ಮನೆಯವರು ಹಿಂದಿನ ಸಾಲಿನಲ್ಲೇ ಕೂತಿದ್ದಾರೆ.)

ಇನ್ನು ಇದರ ಹಿನ್ನೆಲೆ. ಮಕ್ಕಳಿಗೆ ಹೇಳುವಾಗ ಈ ಭಾಗ ಬಿಟ್ಟುಬಿಡುತ್ತೇವೆ, ಬಿಡಬೇಕಾದದ್ದೇ. ಆದರೆ ನಾವು ತಿಳಿದಿರಬೇಕು. ಬುದ್ಧ ಈ ಕಥೆ ಹೇಳಿದ್ದು ಒಬ್ಬ ಹೆಣ್ಣಿನ ಪ್ರಕರಣದಲ್ಲಿ ಎನ್ನುತ್ತದೆ ಜಾತಕ. ರಾಜಗೃಹದ ಒಬ್ಬ ಶ್ರೀಮಂತರ ಮಗಳು, ಸನ್ಯಾಸಿನಿಯಾಗುವ ಆಸೆ. ತಂದೆತಾಯಿ ಬಿಡಲಿಲ್ಲ, ಮದುವೆ ಮಾಡಿದರು. ಕೊನೆಗೆ ಗಂಡನೇ ಒಪ್ಪಿ ಭಿಕ್ಷುಣಿಯರ ಬಳಿಗೆ ಕಳಿಸಿದ. ಅವರು ದೇವದತ್ತನ ಪಂಗಡದವರು. ಹೋಗುವಾಗ ಅವಳು ಬಸುರಿ, ಅವಳಿಗೇ ಗೊತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಹೊಟ್ಟೆ ಕಾಣಿಸಿತು. ದೇವದತ್ತ ವಿಚಾರಣೆಯನ್ನೇ ಮಾಡಲಿಲ್ಲ. ತನ್ನ ಪಂಗಡಕ್ಕೆ ಕೆಟ್ಟ ಹೆಸರು ಬರುತ್ತದೆಂದು ಹೊರಗೆ ಹಾಕಿರಿ ಎಂದ. ಅವಳು ಹಟ ಮಾಡಿ ಅಷ್ಟು ದೂರದ ಜೇತವನಕ್ಕೆ, ಬುದ್ಧನ ಬಳಿಗೆ ಹೋದಳು.

ಬುದ್ಧ ತಾನೇ ತೀರ್ಪು ಕೊಡಲಿಲ್ಲ. ರಾಜ ಪ್ರಸೇನಜಿತ್, ಅನಾಥಪಿಂಡಿಕ ಮುಂತಾದವರನ್ನು ಕರೆಸಿ, ತುಂಬಿದ ಸಭೆಯಲ್ಲಿ ವಿಚಾರಣೆ ನಡೆಸುವಂತೆ ಉಪಾಲಿಗೆ ಹೇಳಿದ. ಉಪಾಲಿ ವಿಶಾಖೆಯನ್ನು ಕರೆಸಿದ. ವಿಶಾಖೆ ಎಂದರೆ ಆ ಕಾಲದ ಪ್ರಸಿದ್ಧ ಉಪಾಸಿಕೆ, ದೊಡ್ಡ ಸಂಸಾರ ನಡೆಸಿದ ಹೆಂಗಸು. ಅವಳು ಪರದೆ ಕಟ್ಟಿಸಿ, ಒಳಗೆ ಭಿಕ್ಷುಣಿಯನ್ನು ಪರೀಕ್ಷಿಸಿ, ತಿಂಗಳು ದಿನ ಲೆಕ್ಕ ಹಾಕಿ, ಇವಳು ಸನ್ಯಾಸ ತೆಗೆದುಕೊಳ್ಳುವ ಮೊದಲೇ ಬಸುರಿಯಾದವಳು, ನಿರ್ದೋಷಿ ಎಂದಳು. ತೀರ್ಪು ಹಾಗೇ ಆಯಿತು. ಹುಟ್ಟಿದ ಮಗುವನ್ನು ರಾಜ ಸಾಕಿದ. ಆ ಮಗುವೇ ಮುಂದೆ ಕುಮಾರ ಕಸ್ಸಪ ಎಂಬ ಭಿಕ್ಷು. ಇಷ್ಟೆಲ್ಲ ಆದ ಮೇಲೆ ಬುದ್ಧ ಜಿಂಕೆಯ ಕಥೆ ಹೇಳಿದ: ಆಗ ಕೊಂಬೆಯ ಜಿಂಕೆಯಾಗಿದ್ದವನು ದೇವದತ್ತ, ಬಸುರಿ ಜಿಂಕೆ ಈ ಭಿಕ್ಷುಣಿ, ಮರಿ ಅವಳ ಮಗ, ಆಲದ ಜಿಂಕೆ ತಾನು.

ನನಗೆ ಇಲ್ಲಿ ವಿಶಾಖೆ ಬಹಳ ಇಷ್ಟ. ಅಷ್ಟು ದೊಡ್ಡ ಗಂಡಸರ ಸಭೆ ಕೂತಿದೆ, ಆದರೆ ಕೆಲಸಕ್ಕೆ ಬಂದದ್ದು ಹೆತ್ತು ಹೊತ್ತು ಬಲ್ಲ ಒಬ್ಬ ಹೆಂಗಸಿನ ಬೆರಳೆಣಿಕೆ. ಜಿಂಕೆಯ ಕಥೆಯಲ್ಲಿ ಅವಳಿಗೆ ಪಾತ್ರವಿಲ್ಲ ಎನ್ನುವುದೊಂದೇ ನನ್ನ ತಕರಾರು.

ಇಷ್ಟು ಹೇಳಿದ ಮೇಲೆ ನಿಮ್ಮೆಲ್ಲರ ಮನಸ್ಸಿನಲ್ಲಿ ಒಂದು ಹಸು ಬಂದು ನಿಂತಿರಬೇಕು. ನನಗೂ ಚಿತ್ರ ನೋಡಿದ ಕೂಡಲೇ ಬಂದದ್ದು ನಮ್ಮ ಗೋವಿನ ಹಾಡಿನ ಪುಣ್ಯಕೋಟಿಯೇ. ಅವಳೂ ಹುಲಿಯ ಮುಂದೆ ಬಿಟ್ಟುಬಿಡು ಎನ್ನಲಿಲ್ಲ. ಕರುವಿಗೆ ಹಾಲು ಕೊಟ್ಟು ಬರುವಷ್ಟು ಹೊತ್ತು ಕೇಳಿದಳು. ಎರಡು ತಾಯಂದಿರು, ಇಬ್ಬರೂ ಕೇಳಿದ್ದು ಸಮಯವನ್ನೇ. ಪಾಲಿಯಲ್ಲಿ ಹೇಳಿದರೇನು, ಕನ್ನಡದಲ್ಲಿ ಹಾಡಿದರೇನು, ತಾಯಿಯ ಬೇಡಿಕೆ ಎಷ್ಟು ಸಣ್ಣದು ನೋಡಿ.

ಆದರೆ ಒಂದು ವ್ಯತ್ಯಾಸ ಇದೆ. ಪುಣ್ಯಕೋಟಿ ಕರುವನ್ನು ಇತರ ಹಸುಗಳಿಗೆ ಒಪ್ಪಿಸುತ್ತಾಳೆ, ಅವು ನೋಡಿಕೊಳ್ಳುತ್ತೇವೆ ಎನ್ನುತ್ತವೆ, ಅವಳು ಒಬ್ಬಳೇ ಗುಹೆಗೆ ಹಿಂದಿರುಗುತ್ತಾಳೆ. ಆಲದ ಜಿಂಕೆಯಂಥವರು ಅವಳಿಗೆ ಯಾರೂ ಸಿಗಲಿಲ್ಲ. ಹುಲಿಯ ಮನಸ್ಸು ಕರಗಿದ್ದರಿಂದ ಕಥೆ ಉಳಿಯಿತು. ನಾವೆಲ್ಲ ಆ ಹಾಡು ಕೇಳಿ ಅತ್ತು ಬೆಳೆದವರು. ನಾನು ಅದರ ಮೇಲೆ ಕೈಯೆತ್ತುವವಳಲ್ಲ. ನುಡಿದಂತೆ ನಡೆಯುವುದು ಎಂದರೇನು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಪಾಠ ನಮ್ಮ ಭಾಷೆಯಲ್ಲಿಲ್ಲ. ಆದರೂ ಮೊಮ್ಮಗಳಿಗೆ ಹೇಳುವಾಗ ಎರಡನ್ನೂ ಹೇಳುತ್ತೇನೆ. ಮಾತಿಗೆ ತಪ್ಪದೆ ಹಿಂದಿರುಗಿದ ತಾಯಿಯನ್ನು ಮಾತ್ರ ಕೇಳಿ ಬೆಳೆದ ಹುಡುಗಿ, ಹಿಂದಿರುಗುವುದೇ ತನ್ನ ಪಾಲು ಎಂದುಕೊಂಡಾಳು. ನಮ್ಮ ಒಡೆಯ ಒಪ್ಪದಿದ್ದರೆ ಬೇರೆ ಹಿಂಡಿನ ಬಾಗಿಲನ್ನೂ ತಟ್ಟಬಹುದು ಎಂದು ಈ ಜಿಂಕೆ ತೋರಿಸುತ್ತದೆ. ಪುಣ್ಯಕೋಟಿಯೂ ಅನಿಮೇಷನ್ ಚಿತ್ರವಾಗಿದೆ, ಅದೂ ಸಂಸ್ಕೃತದಲ್ಲಿ: ರವಿಶಂಕರ್ ನಿರ್ದೇಶನ, ಇಳಯರಾಜಾ ಸಂಗೀತ, 2020ರಲ್ಲಿ ಬಂತು. ಎರಡನ್ನೂ ಒಂದೇ ದಿನ ತೋರಿಸಿದರೆ ಮಕ್ಕಳೇ ಹೋಲಿಸಿ ನೋಡುತ್ತಾರೆ.

ಚಿತ್ರ ಮಾಡಿದವರ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಕ್ಲೇರ್ ವೀಕ್ಸ್ ಅವರಿಂದ ಕಲಿತ ಆ ರಾಮ್ ಮೋಹನ್ ಮುಂದೆ ಭಾರತೀಯ ಅನಿಮೇಷನ್ನಿನ ಹಿರಿಯರಾದರು, 2014ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ತೀರಿಕೊಂಡರು. ಅವರ ಕೈಯಿಂದ ಮೂಡಿದವಳೇ ಯುನಿಸೆಫ್‌ನ ಮೀನಾ. ಟಿವಿಯಲ್ಲಿ ನೋಡಿದವರು ನಿಮ್ಮಲ್ಲಿ ಇರಬೇಕು: ಎರಡು ಜಡೆಯಲ್ಲ, ಒಂದು ತುಂಟ ನಗು, ಜೊತೆಗೆ ಮಿಠ್ಠು ಎಂಬ ಗಿಳಿ. ಒಂದು ಕಂತಿನಲ್ಲಿ ಮೀನಾಗೂ ಅವಳ ಸಹೋದರನಿಗೂ ಮಾವಿನಹಣ್ಣು ಹಂಚುವ ವಿಷಯ ಬರುತ್ತದೆ. ಹುಡುಗನಿಗೆ ಜಾಸ್ತಿ ಏಕೆ ಎಂದರೆ ಅವನು ಹೆಚ್ಚು ಕೆಲಸ ಮಾಡುತ್ತಾನೆ ಎಂಬ ಉತ್ತರ. ಸರಿ, ಒಂದು ದಿನ ಕೆಲಸ ಅದಲುಬದಲು ಮಾಡಿಕೊಳ್ಳೋಣ ಎಂದು ಮಕ್ಕಳು ಹೊರಡುತ್ತಾರೆ. ಸಂಜೆಯೊಳಗೆ ಹುಡುಗ ಸುಸ್ತು! ಇಲ್ಲೂ ಸರದಿಯ ಮಾತೇ ಬಂತು ನೋಡಿ.

ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳಿಗೆ ಈ ಜಿಂಕೆಯ ಚಿತ್ರ ತೋರಿಸಿದೆ. ಹಳೆಯ ಬಣ್ಣ, ನಿಧಾನ ನಡೆ. ಈಗಿನ ಕಾರ್ಟೂನಿನ ಓಟಕ್ಕೆ ಒಗ್ಗಿದವರಿಗೆ ಮೊದಲು ಸ್ವಲ್ಪ ಬೇಸರವಾಯಿತು. ಜಿಂಕೆ ತಲೆಯಿಟ್ಟಾಗ ಮಾತ್ರ ಕೋಣೆ ಪೂರ್ತಿ ಮೌನ. ಆಮೇಲೆ ಕಥೆಯ ಉಳಿದ ಭಾಗ ಹೇಳಿದೆ. ಅಭಯ ಸಿಕ್ಕ ಜಿಂಕೆಗಳು ರೈತರ ಬೆಳೆ ತಿನ್ನತೊಡಗಿದವು, ರಾಜನ ಮಾತಿಗಾಗಿ ರೈತರು ಹೊಡೆಯುವಂತಿಲ್ಲ. ಆಗ ಆಲದ ಜಿಂಕೆ ತನ್ನವರನ್ನು ಕರೆದು, ಇನ್ನು ಮೇಲೆ ಪರರ ಬೆಳೆ ಮುಟ್ಟಬಾರದು ಎಂದು ತಡೆಯಿತು. ಬೇಲಿ ಕಟ್ಟುವುದು ಬೇಡ, ಹೊಲದ ಅಂಚಿಗೆ ಗುರುತಿಗೆಂದು ಎಲೆ ಕಟ್ಟಿದರೆ ಸಾಕು ಎಂದು ರೈತರಿಗೆ ಹೇಳಿ ಕಳಿಸಿತು. ಎಲೆ ಕಂಡರೆ ಜಿಂಕೆಗಳು ದಾಟುತ್ತಿರಲಿಲ್ಲವಂತೆ.

ಒಬ್ಬ ಹುಡುಗ, ಎಂಟು ವರ್ಷ ಇರಬಹುದು, ಕೈಯೆತ್ತಿ ಕೇಳಿದ: "ಆಂಟಿ, ಮರುದಿನ ರಾಜ ಊಟಕ್ಕೆ ಏನು ತಿಂದ?" ಪಕ್ಕದ ಹುಡುಗಿ ನನಗಿಂತ ಮೊದಲೇ ಹೇಳಿದಳು, "ಅನ್ನ ಸಾರು." ಇನ್ನೊಬ್ಬಳು ಸುಮ್ಮನೆ ಕೂತಿದ್ದಳು, ಹೊರಡುವಾಗ ಹತ್ತಿರ ಬಂದು ಮರಿ ಹೆಣ್ಣೋ ಗಂಡೋ ಎಂದಳು. ಗಂಡು ಎಂದೆ. ಅಮ್ಮ ಅದಕ್ಕೆ ಯಾವ ಹಿಂಡಿಗೆ ಹೋಗಲು ಹೇಳಿದಳು ಎಂದು ಕೇಳಿದಳು. ಅದೂ ಜಾತಕದಲ್ಲಿದೆ: ಮರಿ ಆಡುತ್ತಾ ಕೊಂಬೆಯ ಜಿಂಕೆಯ ಕಡೆಗೆ ಹೋದಾಗಲೆಲ್ಲ ತಾಯಿ ಕರೆದು, ಅಲ್ಲಿ ಬೇಡ, ಆಲದ ಜಿಂಕೆಯ ಜೊತೆಗಿರು ಎನ್ನುತ್ತಿದ್ದಳು.

ಮುಂದಿನ ಮಕ್ಕಳ ದಿನಾಚರಣೆಗೆ ಪರದೆ, ಪ್ರೊಜೆಕ್ಟರು ಸಭಾಗೃಹದಲ್ಲೇ ಇವೆ. ಕಾರ್ಯಕಾರಿ ಸಮಿತಿ ಒಪ್ಪಿದರೆ ಹತ್ತು ನಿಮಿಷ ಕೊಡಿ. ಮಕ್ಕಳ ಜೊತೆ ಅಪ್ಪಂದಿರನ್ನೂ ಕೂರಿಸಬೇಕು ಎನ್ನುವುದು ನನ್ನ ವಿನಂತಿ.  ಈಗ ಚಹಾ, ಅವಲಕ್ಕಿ ಇದೆಯಂತೆ; ಬಡಿಸಲು ಈ ಸಲ ಯಾರ ಸರದಿ ಎಂದು ಸಂಚಾಲಕಿಯವರು ಹೇಳುತ್ತಾರೆ.